ಬದ್ರಿಯಾ ನಿಲ್ಲಬೇಕಿದ್ದ ಜಾಗ

ಕ್ಲೋರಿನ್ ನೀರಿನಲ್ಲಿ ಕೈ ಅದ್ದಿದರೆ ಮೊದಲು ಬೆರಳ ಸಂದುಗಳು ಉರಿಯುತ್ತವೆ. ಆಮೇಲೆ ಚರ್ಮ ಬಿಳಿಚಿಕೊಂಡು ಬಿರಿಯುತ್ತದೆ. ಅದೇ ಕೈಯಲ್ಲಿ ಮನೆಗೆ ಹೋಗಿ ಹಿಟ್ಟು ನಾದಬೇಕು. ದಮನ್ಹೂರ್‌ನ ಆ ಕಾಲೇಜಿನಲ್ಲಿ ನೆಲ ಒರೆಸುವ ನಮಗೆಲ್ಲರಿಗೂ ಅಂಥವೇ ಕೈಗಳು. ಕೈಗವಸು ಕೇಳಿದರೆ ಕಾಲೇಜಿನವರು ಗುತ್ತಿಗೆದಾರನ ಕಡೆ ತೋರಿಸುತ್ತಿದ್ದರು. ಅವನು ಕಾಲೇಜಿನ ಕಡೆ ತೋರಿಸುತ್ತಿದ್ದ.

ಅವತ್ತು ಹೊಸ ಪ್ರಯೋಗಾಲಯದ ಉದ್ಘಾಟನೆ. ಕೈರೋದಿಂದ ದೊಡ್ಡ ಅಧಿಕಾರಿ ಬರುವವರಿದ್ದರು. ಅದೇ ಹೊತ್ತಿಗೆ ಮೈದಾನದಲ್ಲಿ ಹ್ಯಾಂಡ್‌ಬಾಲ್ ಫೈನಲ್, ಸಭಾಂಗಣದಲ್ಲಿ ಬಹುಮಾನ ವಿತರಣೆ. ಮೂರಕ್ಕೂ ಪತ್ರಿಕೆಯವರು ಕಳಿಸಿದ್ದು ಒಬ್ಬನನ್ನೇ. ಫೋಟೋ ತೆಗೆಯುವ ರಗಬ್‌ನನ್ನು.

ನಮ್ಮ ಹಾಗೆಯೇ ಅವನದೂ ಕಾಯಂ ಕೆಲಸವಲ್ಲ. ಮೂರರಲ್ಲಿ ಒಂದು ತಪ್ಪಿದರೂ ನಾಳೆಯಿಂದ ಬರಬೇಡ ಎಂದು ಸಂಪಾದಕ ಹೇಳಿದ್ದನಂತೆ. ಕುತ್ತಿಗೆಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡು ಏದುಸಿರು ಬಿಡುತ್ತ ಬಂದ.

"ತಿಂಡಿ ತಿಂದ್ಯೇನೋ ಮಗಾ?" ಎಂದೆ.

"ಎಲ್ಲಿಯ ತಿಂಡಿ ಅಮ್ಮಾ, ಉಸಿರಾಡಕ್ಕೇ ಪುರುಸೊತ್ತಿಲ್ಲ."

ನನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಬೇಯಿಸಿದ ಅವರೆ ತುಂಬಿ ಕೊಟ್ಟೆ. ನಿಂತೇ ನುಂಗಿದ.

"ಬಾಷಾಗೆ ಎರಡು ಕ್ಯಾಮೆರಾ, ಕಾಲು ಮಾತ್ರ ಎರಡೇ," ಎಂದು ಉಮ್ಮು ವಹ್ಬಾ ಕಿಚಾಯಿಸಿದಳು. ನಮ್ಮಲ್ಲೆಲ್ಲ ಹಿರಿಯಳು ಅವಳು; ಗಂಡಸರನ್ನೆಲ್ಲ ಬಾಷಾ, ಅಂದರೆ ಸಾಹೇಬ, ಎಂದೇ ಕರೆಯುತ್ತಿದ್ದಳು. "ಇನ್ನೆರಡು ಬೇಕಿದ್ರೆ ಕತ್ತೆ ಹತ್ರ ಸಾಲ ಕೇಳು."

ಒಂದೇ ಬೆಳಗ್ಗೆ ಮೂರು ಕೆಲಸ ಬಿದ್ದರೆ ಅವನು ಮಾಡುತ್ತಿದ್ದುದು ಒಂದೇ ಉಪಾಯ. ಅತಿಥಿ ಬರುವ ಮುಂಚೆಯೇ ಜಾಗದ ಫೋಟೋ ತೆಗೆದಿಟ್ಟುಕೊಳ್ಳುವುದು. ಆಮೇಲೆ ಬಂದು ಮುಖದ್ದೊಂದು ತೆಗೆದರೆ ಸಾಕು. ಹಾಗಾಗಿ ಪ್ರಯೋಗಾಲಯದ ಮೇಜನ್ನು ತುಂಬಿಸಬೇಕಿತ್ತು. ಬೀಗ ಹಾಕಿಡುವ ಆಸಿಡ್ ಬಾಟಲಿಗಳನ್ನೆಲ್ಲ ಪ್ರಚಾರ ಅಧಿಕಾರಿ ವಗ್ದಿ ಹೊರಗೆ ತೆಗೆಸಿ ಅಂಚಿಗೆ ಸಾಲಾಗಿ ಇಡಿಸಿದ.

ರಗಬ್ ಕ್ಯಾಮೆರಾದಲ್ಲಿ ನೋಡಿದ. "ನೆಲ ಮಂಕಾಗಿದೆ. ಇನ್ನೊಂದ್ಸಲ ನೀರು ಹಾಕಿ ಒರೆಸಿದ್ರೆ ಹೊಳೆಯುತ್ತೆ."

ನಮ್ಮಲ್ಲೊಬ್ಬಳಾದ ಬದ್ರಿಯಾ ಬಗ್ಗಿ ಮೇಜಿನ ಕೆಳಗೆ ಒರೆಸತೊಡಗಿದಳು. ಒರೆಸುವ ಕೋಲಿನ ತುದಿ ಮೇಜಿನ ಅಂಚಿಗೆ ತಾಗಿತು. ಒಂದು ಬಾಟಲಿ ಅವಳ ಕೈ ಮೇಲೆ ಉರುಳಿತು. ರಗಬ್‌ನ ಬೆರಳು ಗುಂಡಿಯ ಮೇಲೇ ಇತ್ತು. ಕ್ಯಾಮೆರಾ ಸದ್ದು, ಅವಳ ಚೀರಾಟ, ಎರಡೂ ಒಟ್ಟಿಗೇ ಕೇಳಿಸಿದವು.

ಅವಳ ಬಲಗೈಯನ್ನು ನಲ್ಲಿಯ ಕೆಳಗೆ ಹಿಡಿದವಳು ನಾನು. "ನನ್ನ ಕೂಸಿಗೆ ಹಾಲು ಕುಡಿಸ್ಬೇಕು, ಈ ಕೈಲಿ ಹೆಂಗೆ ಎತ್ಕೊಳ್ಳಲಿ?" ಎನ್ನುತ್ತಿದ್ದಳು. ಅದೊಂದನ್ನೇ.

ವಗ್ದಿ ಬಾಗಿಲು ಹಾಕಿದ. "ಆಸ್ಪತ್ರೆಲಿ ಕೇಳಿದ್ರೆ ಮನೇಲಿ ಬಿಸಿ ಎಣ್ಣೆ ಚೆಲ್ಲಿತು ಅಂತ ಹೇಳು. ತಿಳೀತಾ? ಇಲ್ಲಿ ಆಯ್ತು ಅಂದ್ರೆ ನಿಮ್ಮಲ್ಲಿ ಒಬ್ಬಳಿಗೂ ಕೆಲಸ ಇರಲ್ಲ."

"ಮನೇಲಿ ಆಯ್ತು ಅಂದ್ರೆ ಔಷಧಿ ಖರ್ಚು ಯಾರು ಕೊಡ್ತಾರೆ?" ಎಂದಳು ಉಮ್ಮು ವಹ್ಬಾ. "ಕೈ ಹೋದ್ರೆ ಯಾರು ಸಾಕ್ತಾರೆ?"

"ದೇವರು ದೊಡ್ಡವನು."

"ದೇವರು ದೊಡ್ಡವನೇ ಬಾಷಾ. ಬಾಟಲಿ ಹೊರಗಿಟ್ಟಿದ್ದು ನೀವು."

ಬದ್ರಿಯಾಳನ್ನು ಟುಕ್‌ಟುಕ್‌ನಲ್ಲಿ ಒಬ್ಬಳನ್ನೇ ಕಳಿಸಿದರು. ಜೊತೆಗೆ ಹೋಗಲು ನಮ್ಮನ್ನು ಬಿಡಲಿಲ್ಲ. ಫೋಟೋದಲ್ಲಿ ಅತಿಥಿಯ ಹಿಂದೆ ನಿಲ್ಲಿಸಲು ನಾವು ಬೇಕಾಗಿತ್ತು. ವಗ್ದಿ ರಗಬ್‌ನ ಕಡೆ ತಿರುಗಿದ. "ಆ ಫೋಟೋ ಅಳಿಸು."

"ಆಮೇಲೆ ಅಳಿಸ್ತೀನಿ ಉಸ್ತಾದ್, ಮ್ಯಾಚ್ ಶುರುವಾಯ್ತು," ಎಂದು ರಗಬ್ ಓಡಿದ. ನನ್ನ ಮುಖ ನೋಡಲಿಲ್ಲ.

ಅತಿಥಿಯ ಕಾರು ಬಂತು. ಆಗ ಹೊಸ ಸಮವಸ್ತ್ರ ಹೊರಗೆ ಬಂತು. ಹಳದಿ ಕೈಗವಸೂ ಬಂತು! ವಗ್ದಿಯ ಕೋಣೆಯಲ್ಲೇ ಇದ್ದವು ಅವು. "ಫೋಟೋ ಆದ್ಮೇಲೆ ವಾಪಸ್ ಕೊಡಬೇಕು, ಕೊಳೆ ಮಾಡ್ಬೇಡಿ," ಎಂದ. ಉಮ್ಮು ವಹ್ಬಾ ಒಂದು ಜೊತೆಯನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಒಂದೂ ಕಿಚಾಯಿಸದೆ ತೊಟ್ಟುಕೊಂಡಳು. ನನಗೆ ಅದೇ ಭಯವಾಯಿತು.

ಸಾಲಾಗಿ ನಿಂತೆವು. ರಗಬ್ ಬೆವರು ಒರೆಸಿಕೊಳ್ಳುತ್ತ ಮೈದಾನದಿಂದ ಓಡಿ ಬಂದ. ಪಂದ್ಯ ಇನ್ನೂ ಮುಗಿದಿರಲಿಲ್ಲ. ಗೆದ್ದವರು ಕಪ್ ಎತ್ತುವಾಗ ಅವನು ಅಲ್ಲಿರಲೇಬೇಕಿತ್ತು.

"ಮಧ್ಯೆ ಜಾಗ ಬಿಟ್ಟಿದ್ದೀರಿ. ಹತ್ರ ಬನ್ನಿ," ಎಂದ ವಗ್ದಿ.

ಉಮ್ಮು ವಹ್ಬಾ ಅಲ್ಲಾಡಲಿಲ್ಲ. ಅವಳನ್ನು ನೋಡಿ ನಾನೂ ನಿಂತೆ. ಯಾರೂ ಮಾತಾಡಿಕೊಂಡಿರಲಿಲ್ಲ. ಆದರೂ ಒಬ್ಬಳೂ ಸರಿಯಲಿಲ್ಲ.

ಅತಿಥಿ ನಕ್ಕರು. "ಏನ್ ತಾಯಂದಿರೇ, ಆ ಜಾಗ ನನಗಾ?"

"ಅಲ್ಲ ಬಾಷಾ. ಬದ್ರಿಯಾದು," ಎಂದಳು ಉಮ್ಮು ವಹ್ಬಾ. "ಈಗ ತಾನೇ ಇಲ್ಲೇ ಆಸಿಡ್ ಬಿದ್ದು ಅವಳ ಕೈ ಸುಟ್ಟಿತು. ಬರಿಗೈಲಿ ಒರೆಸ್ತಿದ್ಲು. ಮನೇಲಿ ಎಣ್ಣೆ ಚೆಲ್ಲಿತು ಅನ್ನು ಅಂತ ಕಲಿಸಿ ಕಳಿಸಿದ್ದಾರೆ."

"ವಯಸ್ಸಾಗಿದೆ ಸಾರ್, ಏನೇನೋ ಹೇಳ್ತಾಳೆ," ಎಂದು ವಗ್ದಿ ನಕ್ಕ. "ಯಾರಾದ್ರೂ ನೋಡಿದ್ದಾರಾ, ಕೇಳಿ."

ರಗಬ್‌ನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಮೈದಾನದಿಂದ ಗದ್ದಲ ಏರಿತು. ಅವನ ಕಾಲು ಬಾಗಿಲ ಕಡೆ ತಿರುಗಿದ್ದು ನನಗೆ ಕಾಣಿಸಿತು. ಹೋಗಿಬಿಡುತ್ತಾನೆ ಎಂದುಕೊಂಡೆ. ಹೋದರೂ ಬೈಯಲು ಮನಸ್ಸು ಬರುತ್ತಿರಲಿಲ್ಲ, ಅವನಿಗೂ ಮನೆ ಇದೆ.

"ನಾನು ನೋಡಿದ್ದೀನಿ," ಎಂದ. "ನೀರು ಹಾಕಿ ಒರೆಸಿ ಅಂತ ಹೇಳಿದ್ದೂ ನಾನೇ." ಕ್ಯಾಮೆರಾ ತಿರುಗಿಸಿ ಅತಿಥಿಯ ಮುಖದ ಮುಂದೆ ಹಿಡಿದ.

ಅತಿಥಿ ಒಂದು ಗಳಿಗೆ ನೋಡಿದರು. "ವಿಚಾರಿಸೋಣ. ವಿಚಾರಿಸ್ತೀವಿ," ಎಂದು ಸಭಾಂಗಣದ ದಾರಿ ಕೇಳಿದರು. ವಗ್ದಿ ಅವರ ಹಿಂದೆ ಓಡಿದ.

"ಇವರು ವಿಚಾರಿಸೋದ್ರೊಳಗೆ ಅಲ್ಲಿ ಡಾಕ್ಟ್ರು ಎಣ್ಣೆ ಅಂತ ಬರೆದು ಮುಗಿಸಿರ್ತಾರೆ," ಎಂದಳು ಉಮ್ಮು ವಹ್ಬಾ. "ಬನ್ನಿ, ನಡೀರಿ."

ಬಕೆಟ್ಟುಗಳನ್ನು ಅಲ್ಲೇ ಬಿಟ್ಟು ಎಲ್ಲರೂ ಹೊರಟೆವು. ಗೇಟಿನವನು ತಡೆಯಲು ಕೈ ಎತ್ತಿದ, ನಮ್ಮ ಮುಖ ನೋಡಿ ಇಳಿಸಿದ. ಹಿಂದೆ ರಗಬ್ ಬರುತ್ತಿದ್ದ. ಮೈದಾನದಲ್ಲಿ ಯಾರೋ ಕಪ್ ಎತ್ತಿದ್ದರು, ಡೋಲು ಕೇಳುತ್ತಿತ್ತು. ಅವನು ಫೋನು ತೆಗೆದು ಸಂಪಾದಕನಿಗೆ ಒಂದೇ ಮಾತು ಹೇಳಿದ. "ಕಪ್ ಎತ್ತಿದ ಫೋಟೋ ಇಲ್ಲ."

ಸರ್ಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ ಬದ್ರಿಯಾ ಬೆಂಚಿನ ಮೇಲೆ ಕೂತಿದ್ದಳು. ಚಿಕ್ಕ ವಯಸ್ಸಿನ ಡಾಕ್ಟರು ಪೆನ್ನು ಹಿಡಿದು ಕೇಳುತ್ತಿದ್ದ, "ಎಣ್ಣೆ ಅಂದ್ರಲ್ಲ, ಅಡುಗೆಮನೆಲಾ?"

ಹಳದಿ ಕೈಗವಸು ತೊಟ್ಟ ಹೆಂಗಸರು ಪಡಸಾಲೆ ತುಂಬಿದ್ದನ್ನು ನೋಡಿ ಅವನು ಎದ್ದು ನಿಂತ. ರಗಬ್ ಕ್ಯಾಮೆರಾ ಮುಂದೆ ಚಾಚಿದ. ಎಲ್ಲರೂ ಒಟ್ಟಿಗೇ ಬಾಯಿ ತೆರೆದೆವು.

ಬದ್ರಿಯಾ ಎಡಗೈ ಎತ್ತಿ ನಮ್ಮನ್ನು ಸುಮ್ಮನಾಗಿಸಿದಳು.

"ಅದನ್ನ ಹೊಡೆದುಹಾಕಿ ಡಾಕ್ಟ್ರೇ," ಎಂದಳು. "ನಾನು ಹೇಳ್ತೀನಿ, ಬರ್ಕೊಳ್ಳಿ."