ನಾಣ್ಯದ ಅಂಚು

"ಚಿನ್ನ ಅಂದ್ರೆ ಚಿನ್ನ ಅಷ್ಟೆ. ತೂಕ ಹಾಕಿ, ದುಡ್ಡು ಕೊಟ್ಟು ಕಳಿಸಿ," ಎಂದ ಅಣ್ಣ, ಕುರ್ಚಿಯನ್ನು ಕಿರ್ರೆನ್ನಿಸಿ ಮುಂದಕ್ಕೆ ಎಳೆದುಕೊಳ್ಳುತ್ತ.

ಹಳೆ ನಾಣ್ಯಗಳ ವ್ಯಾಪಾರಿ ಒಂದು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ನೀಲಿ ಮಖಮಲ್ಲಿನ ತಟ್ಟೆಯ ಮೇಲೆ ಬಾಗಿದ್ದ. ತಂಗಿ ತಂದಿದ್ದ ಚಿನ್ನದ ನಾಣ್ಯವನ್ನು ಅಂಚಿನಲ್ಲೇ ಹಿಡಿದು ತಿರುಗಿಸುತ್ತಿದ್ದ. ಅದರ ಮುಖಕ್ಕೆ ಬೆರಳು ತಾಗಿಸುತ್ತಿರಲಿಲ್ಲ. ತಂಗಿ ಆ ಬೆರಳುಗಳನ್ನೇ ನೋಡುತ್ತ ಕುಳಿತಿದ್ದಳು. ಅವಳಿಗೆ ಒಬ್ಬಳೇ ಬರಬೇಕೆಂದಿತ್ತು. ಹೊಸ್ತಿಲು ದಾಟುವಷ್ಟರಲ್ಲಿ ಅಣ್ಣ, "ನಿನಗೆ ಟೋಪಿ ಹಾಕಿ ಕಳಿಸ್ತಾರೆ" ಎಂದು ಚಪ್ಪಲಿ ಮೆಟ್ಟಿಕೊಂಡು ಬೆನ್ನಿಗೇ ಬಂದಿದ್ದ.

ಅಕ್ಕಸಾಲಿಗನಾಗಿದ್ದ ಅಪ್ಪ ಇಬ್ಬರಿಗೂ ಇಂಥದ್ದೇ ಒಂದೊಂದು ನಾಣ್ಯ ಕೊಟ್ಟು ಹೋಗಿದ್ದ. ಅದೇ ಕಸುಬು ಹಿಡಿದ ಅಣ್ಣ ತನ್ನದನ್ನು ಆಗಲೇ ಮೂಸೆಗೆ ಹಾಕಿ ಕರಗಿಸಿ ಹೆಂಡತಿಗೆ ಓಲೆ ಮಾಡಿಕೊಟ್ಟ. ತಂಗಿ ತನ್ನದನ್ನು ಹತ್ತಿಯಲ್ಲಿ ಸುತ್ತಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟಳು. "ಏನೇ, ನಿನ್ನ ನಾಣ್ಯ ಇನ್ನೂ ಮರಿ ಹಾಕ್ಲಿಲ್ವಾ?" ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮಹಡಿಯ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಯಂತ್ರ ತುಳಿದರೆ ಸಾಕು, ಕೆಳಗಿನಿಂದ ಅತ್ತಿಗೆ ಕೋಲಿನಿಂದ ಚಾವಣಿಗೆ ಕುಟ್ಟುತ್ತಿದ್ದಳು. ಈಗ ಪೇಟೆಬೀದಿಯಲ್ಲಿ ಒಂದು ಮಳಿಗೆ ಮಾರಾಟಕ್ಕಿತ್ತು. ಅದರ ಹಿಂಬದಿಯಲ್ಲಿ ಒಲೆ ಹೂಡುವಷ್ಟು, ಮಲಗುವಷ್ಟು ಜಾಗ. ಬರಿ ಚಿನ್ನದ ಬೆಲೆಗೆ ಅದು ಎಟುಕುವಂತಿರಲಿಲ್ಲ.

ವ್ಯಾಪಾರಿ ಕೊನೆಗೆ ತಲೆಯೆತ್ತಿದ. "ಇದರ ಮೇಲಿರೋ ವರ್ಷದ ನಾಣ್ಯ ಅಚ್ಚು ಹಾಕಿದ್ದೇ ಕಡಿಮೆ ಅಮ್ಮ. ಇದ್ದಬದ್ದವನ್ನೂ ಜನ ಓಲೆ, ಉಂಗುರ ಅಂತ ಕರಗಿಸಿಬಿಟ್ರು. ನನ್ನ ಹತ್ರ ನಾಣ್ಯ ಸಂಗ್ರಹಿಸೋರು ಒಬ್ಬರು ಬರ್ತಾರೆ, ಉಳಿದೆಲ್ಲ ವರ್ಷದ್ದೂ ಸೇರಿಸಿದಾರೆ. ಅವರ ಪೆಟ್ಟಿಗೇಲಿ ಇದೊಂದರ ಗುಳಿ ಖಾಲಿ. ಅವರಿಗೆ ಬೇಕಾಗಿದೆಯಲ್ಲ, ಅದಕ್ಕೇ ಬೆಲೆ. ತೂಕದ ಹತ್ತರಷ್ಟು ಕೇಳಿದ್ರೂ ಕೊಡ್ತಾರೆ. ಆದ್ರೆ ಒಂದು ಗೀರೂ ಇರಬಾರದು ಅಂತ ಹಠ ಅವರದು."

"ಹತ್ತರಷ್ಟಾ?" ಅಣ್ಣ ನಕ್ಕ. "ನಾನೂ ಇಂಥದ್ದೇ ಒಂದು ಕರಗಿಸಿದೀನಿ ಸ್ವಾಮಿ, ಬರಿ ಚಿನ್ನ ಬಿಟ್ರೆ ಹೊಗೆಯೂ ಬರ್ಲಿಲ್ಲ."

"ಹಾಗಾದ್ರೆ ತಂಗಿಗೆ ಉಪಕಾರವೇ ಮಾಡಿದೀರಿ. ಎರಡೂ ಒಟ್ಟಿಗೆ ಬಂದಿದ್ರೆ ಇದರ ಬೆಲೆ ಇಳೀತಿತ್ತು." ವ್ಯಾಪಾರಿ ತಾನೂ ನಕ್ಕು, ಫೋನು ಮಾಡಲು ಒಳಕೋಣೆಗೆ ಹೋದ.

ಅಣ್ಣನ ನಗು ಮುಖದ ಮೇಲೆ ಹಾಗೇ ಒಣಗಿತು. ತಂಗಿಯ ಕಡೆ ತಿರುಗಿದ.

"ಮನೆ ಬಿಟ್ಟು ಓಡಿ ಹೋಗೋದಕ್ಕೆ ಎಲ್ಲ ತಯಾರಾಗಿದೆ ಅನ್ನು."

"ಓಡಿ ಯಾಕೆ? ನಡ್ಕೊಂಡೇ ಹೋಗ್ತೀನಿ."

"ಇಷ್ಟು ವರ್ಷ ಅನ್ನ ಹಾಕಿದವರಿಗೆ ಇದಾ?"

"ನಿಮ್ಮನೇಲಿ ಎಲ್ಲರೂ ತೊಟ್ಟಿರೋದು ನಾನು ಹೊಲಿದ ಬಟ್ಟೆನೇ ಅಣ್ಣ. ಯಾವತ್ತಾದ್ರೂ ಕೂಲಿ ಕೇಳಿದೀನಾ?"

ಅವನು ಅಂಗಿಯ ಜೇಬಿನಿಂದ ಒರೆಗಲ್ಲು ತೆಗೆದ. "ಮೊದಲು ಇದು ಅಸಲಿ ಹೌದೋ ಅಲ್ವೋ ನೋಡ್ಬೇಕಲ್ಲ," ಎಂದು ತಟ್ಟೆಯಿಂದ ನಾಣ್ಯ ಎತ್ತಿದ. ಅವಳು ಕೈ ಚಾಚುವಷ್ಟರಲ್ಲಿ ಅಂಚನ್ನು ಕಲ್ಲಿಗೊತ್ತಿ ಎಳೆದಾಗಿತ್ತು. ಒಂದು ಸಲ, ಇನ್ನೊಂದು ಸಲ. ಕಪ್ಪು ಕಲ್ಲಿನ ಮೇಲೆ ಎರಡು ಹಳದಿ ಗೆರೆ ಮೂಡಿದವು.

"ಅವರು ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಕೈ ಅಭ್ಯಾಸ ಕಣೆ," ಎಂದ, ಅವಳ ಕಡೆ ನೋಡದೆ. "ಅಸಲಿನೇ. ಅಪ್ಪ ಮೋಸ ಮಾಡಿಲ್ಲ."

ತನ್ನ ಅಂಗಡಿಯಲ್ಲಿ ಅವನು ಅಂಗೈಯಲ್ಲಿ ತೂಗಿ ನೋಡಿಯೇ ಅಸಲಿ, ನಕಲಿ ಹೇಳುತ್ತಿದ್ದ. ಒರೆಗಲ್ಲು ಇದ್ದದ್ದು ಗಿರಾಕಿಗಳ ಸಮಾಧಾನಕ್ಕೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದೆಯೆಂಬುದು ಅವನಿಗೂ ಗೊತ್ತಿತ್ತು.

"ಸಂಜೆಗೇ ಬರ್ತಾರಂತೆ ಅಮ್ಮ," ಎನ್ನುತ್ತ ವ್ಯಾಪಾರಿ ಹೊರಬಂದ. ಮೇಜಿನ ಮೇಲಿನ ಕಲ್ಲು ಕಂಡಿತು. ಮಾತು ನಿಲ್ಲಿಸಿ ಭೂತಗನ್ನಡಿ ಎತ್ತಿಕೊಂಡ, ಅಂಚನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮತ್ತೆ ಗೀರು ಬಿದ್ದ ಜಾಗಕ್ಕೇ ತಂದು ನಿಲ್ಲಿಸಿದ. ಭೂತಗನ್ನಡಿ ಕೆಳಗಿಟ್ಟ.

"ನಡಿ, ಮನೆಗೆ ಹೋಗೋಣ," ಎಂದ ಅಣ್ಣ. "ಮೇಲಿನ ಕೋಣೆ ಎಲ್ಲಿಗೂ ಓಡಿಹೋಗಿಲ್ಲ."

"ನೀನು ಹೋಗು," ಎಂದಳು ಅವಳು. "ನಾನು ತೂಕ ಹಾಕಿಸ್ಕೊಂಡು ಬರ್ತೀನಿ."

ವ್ಯಾಪಾರಿ ಮೂಲೆಯಲ್ಲಿದ್ದ ತಕ್ಕಡಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ನಾಣ್ಯವನ್ನು ಅದರ ಮುಖದ ಮೇಲೆ ಹೆಬ್ಬೆರಳು ಊರಿ, ಯಾವುದೋ ಅಂಗಿಯ ಗುಂಡಿಯನ್ನು ಹಿಡಿದಂತೆ ಹಿಡಿದು, ತಕ್ಕಡಿಯ ತಟ್ಟೆಗೆ ಹಾಕಿದ.