ಮೀನಿನ ಪೆಟ್ಟಿಗೆಯಲ್ಲಿ ಮಿನಾಹೊಳ ಮಚ್ಚೆ

ಡಾಕ್ಟರ್ ಮುನಕಾತಾ ಅವರದು ಒಂದು ಹಟ. ಮೊದಲು ಗಾಜು, ಆಮೇಲೆ ಚೀಟಿ. ರೋಗಿಯ ಹೆಸರು, ವಯಸ್ಸು ಬರೆದ ಚೀಟಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಸೂಕ್ಷ್ಮದರ್ಶಕದಲ್ಲಿ ಚರ್ಮದ ಚೂರನ್ನು ನೋಡಿ, ಗಂಡೋ ಹೆಣ್ಣೋ, ಎಷ್ಟು ವಯಸ್ಸು, ಯಾವ ಕಾಯಿಲೆ ಎಂದು ಹೇಳಿಬಿಡಬೇಕು. ತಪ್ಪಿದರೆ ಆಸ್ಪತ್ರೆಯೆದುರಿನ ಅಂಗಡಿಯಿಂದ ಎಲ್ಲರಿಗೂ ಅವರ ಖರ್ಚಿನಲ್ಲಿ ಮೋಚಿ ಎಂಬ ಬಿಸಿಬಿಸಿ ಆಲೂಗಡ್ಡೆ ಬಿಲ್ಲೆ. ಹಾಗೆ ಮೋಚಿ ತರಿಸುವ ಪ್ರಸಂಗ ಬರುತ್ತಿದ್ದುದು ವರ್ಷಕ್ಕೆ ಎರಡೋ ಮೂರೋ ಸಲ. ಅರವತ್ತೇಳರ ಮನುಷ್ಯನಿಗೆ ಅದರ ಜಂಬ ಬೇರೆ.

ಆ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ ಗಾಜಿಗೆ ಏರಿಸುವವಳು ಚಿಜುರು. ಉತ್ತರ ಜಪಾನಿನ ಅಬಾಶಿರಿಯ ಆ ಪುಟ್ಟ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಜನವರಿಯ ಆ ಮಂಗಳವಾರ ಅವಳು ಸೀಳಿದ್ದು ಸ್ವಂತ ತಂಗಿಯ ಚರ್ಮವನ್ನು.

ತಂಗಿ ಮಿನಾಹೊಗೆ ಮೂವತ್ತಮೂರು. ಹುಟ್ಟಿದಾಗಿನಿಂದ ಅವಳ ಕುತ್ತಿಗೆಯಿಂದ ಮೊಣಕೈವರೆಗೆ ಕಂದು ಬಣ್ಣದ ಒರಟು ಗೆರೆಯೊಂದು ಇಳಿದಿತ್ತು. ಅದರ ಬಗ್ಗೆ ನಾಚಿಕೆ ಗೀಚಿಕೆ ಏನೂ ಇರಲಿಲ್ಲ. ಗಂಡನ ಮನೆಯವರ ಮೀನಂಗಡಿಯಲ್ಲಿ ತೋಳೇರಿಸಿಕೊಂಡೇ ನಿಲ್ಲುತ್ತಿದ್ದಳು. ಹೆದರಿಕೆಯೇ ಬೇರೆ. ಮದುವೆಯಾದ ವರ್ಷ ಚರ್ಮದ ಡಾಕ್ಟರೊಬ್ಬರು ಹೇಳಿದ್ದರು: ಇಂಥ ಮಚ್ಚೆಗಳಲ್ಲಿ ಹೆಚ್ಚಿನವು ನಿರುಪದ್ರವಿ, ಆದರೆ ಕೆಲವುಗಳಲ್ಲಿ ಮೇಲುಪದರದ ಜೀವಕೋಶಗಳು ತೂತುತೂತಾಗಿರುತ್ತವೆ, ಹಾಗಿದ್ದರೆ ಹುಟ್ಟುವ ಮಗುವಿಗೆ ಇದೇ ಒರಟು ಚರ್ಮ ಮೈತುಂಬ ಬರಬಹುದು. ಒಂದು ಚೂರು ತೆಗೆದು ನೋಡಿದರೆ ಗೊತ್ತಾಗುತ್ತದೆ. ನೋಡಿಸಲೂ ಧೈರ್ಯವಿಲ್ಲ, ಮಗು ಬೇಕೆನ್ನಲೂ ಧೈರ್ಯವಿಲ್ಲ, ಹೀಗೇ ಆರು ವರ್ಷ ಕಳೆದಿದ್ದಳು. ಗಂಡ ತೆಪ್ಪೆಯ್, ಪಾಪ, ತುಟಿ ಪಿಟಕ್ಕೆನ್ನದ ಮನುಷ್ಯ. ಕೊನೆಗೆ ಈ ಚಳಿಗಾಲದಲ್ಲಿ ಅವಳೇ ಮನಸ್ಸು ಮಾಡಿ, ತನ್ನೂರಿನ ಕ್ಲಿನಿಕ್ಕಿನಲ್ಲಿ ಚೂರು ತೆಗೆಸಿದ್ದಳು. ಹಿಮ ಬಿದ್ದು ಆಸ್ಪತ್ರೆಯ ವ್ಯಾನು ಬರಲಿಲ್ಲವೆಂದು ಚೂರಿನ ಬಾಟಲಿಯನ್ನು ಗಂಡನ ಜೊತೆ ತಾನೇ ತಂದು ಅಕ್ಕನ ಕೈಗಿತ್ತಿದ್ದಳು.

ಗಾಜನ್ನು ಚಿಜುರು ತಾನೇ ಮೊದಲು ನೋಡಿದಳು. ನೋಡಬಾರದಿತ್ತು. ಮೇಲುಪದರದಲ್ಲಿ ತೂತುಗಳು, ಒಂದಲ್ಲ ಎರಡಲ್ಲ, ಜರಡಿಯ ಹಾಗೆ. ತಂಗಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು? ಗಾಜನ್ನು ಡಾಕ್ಟರ ಮುಂದಿಟ್ಟು, ಚೀಟಿ ಬೋರಲು ಹಾಕಿದಳು.

ಮುನಕಾತಾ ನೋಡಿದರು. ಗಾಜನ್ನು ಆಚೆ ಸರಿಸಿ, ಈಚೆ ಸರಿಸಿ, ಮತ್ತೆ ನೋಡಿದರು. ವಯಸ್ಸೂ ಹೇಳಲಿಲ್ಲ, ಕಾಯಿಲೆಯೂ ಹೇಳಲಿಲ್ಲ.

“ಏನಮ್ಮಾ, ಇದು ಮನುಷ್ಯರದಾ, ಇಲ್ಲಾ ಫ್ರೀಜರಲ್ಲಿಟ್ಟ ಮೀನಿಂದಾ?”

ಚಿಜುರುವಿಗೆ ಅರ್ಥವಾಗಲಿಲ್ಲ. ಅವರು ಅವಳನ್ನೇ ಕೂರಿಸಿ ತೋರಿಸಿದರು. ಕಾಯಿಲೆಯ ತೂತು ಮೇಲುಪದರದಲ್ಲಷ್ಟೇ ಇರಬೇಕು. ಇಲ್ಲಿ ತಳದಲ್ಲೂ ಇದೆ, ಬೆವರಿನ ಗ್ರಂಥಿಯಲ್ಲೂ ಇದೆ. ಇದು ಹೆಪ್ಪುಗಟ್ಟಿದ ನೀರು ಕೊರೆದದ್ದು. ಬೇರೆ ಯಾರದೋ ಚೂರಾಗಿದ್ದರೆ ಚಿಜುರು ಅರೆನಿಮಿಷದಲ್ಲಿ ಹೇಳುತ್ತಿದ್ದಳು. ತಂಗಿಯದು ನೋಡಿ, ಮೇಲುಪದರ ದಾಟಿ ಕಣ್ಣು ಕೆಳಗಿಳಿದಿರಲೇ ಇಲ್ಲ.

ಅಲ್ಲಿಂದಲೇ ಫೋನು ಮಾಡಿದಳು. ಬಾಟಲಿಯನ್ನು ಎಲ್ಲಿಟ್ಟಿದ್ದೆ ಎಂದರೆ ಮಿನಾಹೊ ದೊಡ್ಡ ಉಪಕಾರ ಮಾಡಿದವಳಂತೆ ಹೇಳಿದಳು:

“ಕೆಡಬಾರ್ದು ಅಂತ ಮೀನಿನ ಪೆಟ್ಟಿಗೇಲಿ ಇಟ್ಟಿದ್ದೆ ಕಣಕ್ಕ, ಐಸ್ ಮಧ್ಯೆ. ಬರ್ತಾ ಸರೋವರದ ಹತ್ರ ಇವ್ರು ಮೀನು ಹಿಡೀತಾ ಕೂತ್ರಲ್ಲ, ಸಂಜೆ ತನಕ ಆ ಚಳೀಲಿ ಹೊರಗೇ ಇತ್ತು. ಒಳ್ಳೇದೇ ಆಯ್ತಲ್ವಾ?”

ಮೂರು ತಲೆಮಾರು ಮೀನು ಮಾರಿದ ಮನೆ ಸೇರಿದವಳು. ಯಾವುದು ಕೆಡಬಾರದೋ ಅದು ಐಸಿಗೆ. ಅವಳ ಲೆಕ್ಕ ಅಷ್ಟೇ. ಚಿಜುರುವಿಗೆ ನಗು ಬಂತು, ಸಿಟ್ಟೂ ಬಂತು. ಆದರೆ ನಿಜವಾದ ತೂತು ಇದೆಯೋ ಇಲ್ಲವೋ, ಆ ಹಾಳಾದ ಚೂರಿನಲ್ಲಿ ಯಾರೂ ಹೇಳುವಂತಿರಲಿಲ್ಲ. ಇನ್ನೊಂದು ಚೂರು ಬೇಕು ಎಂದಾಗ ಮಿನಾಹೊಳ ದನಿ ಬಿದ್ದುಹೋಯಿತು. ಬೇಡ ಬಿಡಕ್ಕ, ಇಷ್ಟು ವರ್ಷ ಹೇಗೋ ಇದ್ದೀವಿ, ಹೀಗೇ ಇರ್ತೀವಿ ಎಂದಳು.

“ಆರು ವರ್ಷ ಹೆದ್ರಿದ್ದು ಸಾಕು ಕಣೇ. ನಂಗೂ ನಿನ್ನಷ್ಟೇ ಭಯ ಇದೆ. ಸುಮ್ನೆ ಬಾ.”

ಬಂದಳು. ಅಬಾಶಿರಿಯದೇ ಒಂದು ಕ್ಲಿನಿಕ್ಕಿನಲ್ಲಿ ಚೂರು ತೆಗೆಸಿ ಊರಿಗೆ ಮರಳಿದಳು. ಈ ಸಲ ಬಾಟಲಿಯನ್ನು ಚಿಜುರು ಕೋಟಿನ ಒಳಜೇಬಿನಲ್ಲಿ ಬೆಚ್ಚಗೆ ತಂದಳು. ಸೀಳಿದಳು, ಬಣ್ಣ ಹಾಕಿದಳು, ಆದರೆ ನೋಡಲಿಲ್ಲ. ಬೇರೆ ಹತ್ತು ಗಾಜುಗಳ ನಡುವೆ ಸೇರಿಸಿ, ಚೀಟಿಗಳನ್ನೆಲ್ಲ ಬೋರಲು ಹಾಕಿ, ಡಾಕ್ಟರ ಬೆನ್ನಹಿಂದೆ ನಿಂತು ಬಾಟಲಿ ತೊಳೆಯುವ ನಾಟಕ ಮಾಡಿದಳು.

ಏಳನೆಯ ಗಾಜು ತಂಗಿಯದು. ಮುನಕಾತಾ ಅರ್ಧ ನಿಮಿಷವೂ ನೋಡಲಿಲ್ಲ. ದಪ್ಪಗಾದ ಚರ್ಮ, ಗುಡ್ಡ ಕಣಿವೆ ಇದ್ದ ಹಾಗೆ ಏರಿಳಿತ, ಜೀವಕೋಶಗಳೆಲ್ಲ ಗಟ್ಟಿಮುಟ್ಟು. ಅರವತ್ತು ದಾಟಿದ ಹೆಂಗಸು, ವಯಸ್ಸಾದವರಿಗೆ ಬರೋ ನರುಲಿ, ಏನೂ ತೊಂದರೆಯಿಲ್ಲ ಎಂದು ಚೀಟಿ ತಿರುಗಿಸಿದರು. ಮೂವತ್ತಮೂರು ಎಂದಿತ್ತು.

ತೂತಿಲ್ಲದ ಹುಟ್ಟುಮಚ್ಚೆಯೂ ಮುದುಕರ ನರುಲಿಯೂ ಗಾಜಿನ ಮೇಲೆ ಅವಳಿಜವಳಿ. ಚೀಟಿ ಓದದವರಿಗೆ ಬೇರೆ ಮಾಡಿ ಹೇಳಲಾಗದು. ಮುನಕಾತಾ ಗೊಣಗುತ್ತ ಕೋಟು ಹುಡುಕಿ ಮೋಚಿ ತರಲು ಹೊರಟರು. ಅವರು ಸೋತದ್ದಕ್ಕೆ ಅಷ್ಟು ಸಂತೋಷಪಟ್ಟವರು ಆ ಕೋಣೆಯಲ್ಲಿ ಹಿಂದೆ ಯಾರೂ ಇರಲಿಲ್ಲ. ಒದ್ದೆ ಕೈಯಲ್ಲೇ ಚಿಜುರು ಫೋನೆತ್ತಿದಳು.

“ಅರವತ್ತು ದಾಟಿದ ಅಜ್ಜಿ ಚರ್ಮವಂತೆ ಕಣೇ ನಿಂದು. ಒಂದು ತೂತೂ ಇಲ್ಲ.”

ಆ ಕಡೆ ಮೀನು ಕೊಚ್ಚುವ ಸದ್ದು ನಿಂತಿತು. ಆಮೇಲೆ ಮಿನಾಹೊ ಮೂಗು ಸೊರಗುಟ್ಟಿದಳು, ಫೋನು ಇಡುವುದನ್ನೂ ಮರೆತು ಗಂಡನನ್ನು ಕರೆದಳು.

“ರೀ, ಅಂಗಡಿ ಬಾಗ್ಲು ಹಾಕಿ. ಮನೆಗೆ ಹೋಗೋಣ.”

ಗಡಿಯಾರದಲ್ಲಿ ಇನ್ನೂ ಬೆಳಗಿನ ಹನ್ನೊಂದು.