ಅಳಿವೆಯ ಸೂಡಿ

ಯುದ್ಧ ಎಲ್ಲೋ ನಡೆಯುತ್ತಿತ್ತು. ಕಡಲತಡಿಯ ಕೋಡಿ ಊರಿಗೆ ಬಂದದ್ದು ‘ಬ್ಲ್ಯಾಕೌಟ್’ ಎಂಬ ಒಂದು ಶಬ್ದ ಮಾತ್ರ. ಪೇದೆಯ ಬಾಯಲ್ಲಿ ಅದು ದೀಪ ಆರಿಸಿ ಎಂಬ ಅಪ್ಪಣೆ. ಕುಂದಾಪುರದ ಅಂಗಡಿಯವನ ಬಾಯಲ್ಲಿ ಚಿಮಣಿ ಎಣ್ಣೆ ಇಲ್ಲ ಎಂಬ ಉತ್ತರ. ಮೈಗಳ್ಳರಿಗಂತೂ ಸಂಜೆಯೇ ಚಾಪೆ ಹಾಸಲು ಒಳ್ಳೆಯ ನೆಪ.

ಮೀನುಗಾರ ಮುತ್ತನಿಗೆ ಅದರ ಅರ್ಥ ತಿಳಿದದ್ದು ತನ್ನ ದೋಣಿ ಒಡೆದ ಮೇಲೆ. ಮೀನಿಗೆ ಹೋದ ದೋಣಿ ಮುಸ್ಸಂಜೆಯಲ್ಲಿ, ಹೊಳೆ ಕಡಲು ಸೇರುವ ಅಳಿವೆ ದಾಟಿ ಮರಳುವಾಗ ದಡದಲ್ಲೊಬ್ಬ ತೆಂಗಿನ ಒಣಮಡಲಿನ ಸೂಡಿ ಹೊತ್ತಿಸಿ ದಾರಿ ತೋರಬೇಕು. ಕಡಲಿಗೆ ಇಳಿಯದಿದ್ದರೂ ಅವನಿಗೊಂದು ಪಾಲು ಮೀನು. ಮುತ್ತನಿಗೆ ಸೂಡಿ ಹಿಡಿಯುವವನು ಬಾಲ್ಯದ ಗೆಳೆಯ ಗುಡ್ಡ. ಅವತ್ತು ದಡವೆಲ್ಲ ಕಪ್ಪಗಿತ್ತು. ದೋಣಿ ಮರಳದಿಬ್ಬಕ್ಕೆ ಬಡಿದು ಎರಡು ಹೋಳಾಯಿತು. ಮುತ್ತ ಈಜಿ ಜೀವ ಉಳಿಸಿಕೊಂಡ.

“ಬ್ಲ್ಯಾಕೌಟ್ ಮರಾಯಾ, ಸೂಡಿ ಹಚ್ರೆ ಪೊಲೀಸ್ರ್ ಹಿಡ್ಕಂಡ್ ಹೋತ್ರ್. ನಾ ಎಂತ ಮಾಡುದ್?” ಎಂದು ಗುಡ್ಡ ಅತ್ತ. ಮುತ್ತ ನಂಬಿದ, ತಾನೇ ಅವನ ಬೆನ್ನು ಸವರಿ ಸಮಾಧಾನ ಮಾಡಿದ.

ವಾರದೊಳಗೆ ಗುಡ್ಡನ ಅಳಿಯ ಹೊಸ ದೋಣಿ ಇಳಿಸಿದ. ಪೇದೆಯ ಅಪ್ಪಣೆ ಇನ್ನೂ ಹಾಗೆಯೇ ಇತ್ತು. ಆ ಮುಸ್ಸಂಜೆ ಮುತ್ತ ಅಳಿವೆಯತ್ತ ಹೋದರೆ, ದಡದಲ್ಲಿ ಸೂಡಿ ಧಗಧಗ ಉರಿಯುತ್ತಿತ್ತು. ಹಿಡಿದು ನಿಂತವನು ಗುಡ್ಡ. ಗೆಳೆಯನನ್ನು ಕಂಡದ್ದೇ ತಡ, ಅವನು ಸೂಡಿಯನ್ನು ಮರಳಿಗೆ ಚುಚ್ಚಿ ನಂದಿಸಹೊರಟ. ಮುತ್ತ ಅವನ ಕೈ ಹಿಡಿದ.

“ನಂದ್ಸ್‌ಬೇಡ. ಗಟ್ಟಿ ಹಿಡ್ಕೊ,” ಎಂದ. “ಅಳಿಯನೂ ನಿನ್ನ್ ನಂಬ್ಕಂಡೇ ಬತ್ತಾ ಇದ್ದ.”